ದೊಡ್ಡ ಸಿ, ಚಿಕ್ಕ ಸಿ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಬ್ಯಾಕಪ್ ನೋಡಿದೆ. ಟೇಪ್ ಬದಲಿಸಿದೆ. ಎ.ಸಿ. ಕೆಳಗಿನ ಬಕೆಟ್ ಖಾಲಿ ಮಾಡಿದೆ. ಹಳೇ ಯಂತ್ರ ಎಂದಿನ ಹಾಗೆ ಗುಂಯ್ ಅಂತಿದೆ, ತನಗೇನೂ ಆಗಿಲ್ಲ ಅನ್ನೋ ಹಾಗೆ.

ಆಗಿದೆ. ಇದರ ಬಿಡಿಭಾಗ ಇನ್ನು ಎಲ್ಲೂ ಸಿಗಲ್ಲ. ಆಸ್ಪತ್ರೆಯ ನೋಂದಣಿ, ಲ್ಯಾಬು, ರಕ್ತನಿಧಿ — ಎಲ್ಲದರ ಡೇಟಾಬೇಸೂ ಇದರ ಹೊಟ್ಟೆಯಲ್ಲೇ. ಈಗ ಎಲ್ಲವನ್ನೂ ಹೊಸ ಲಿನಕ್ಸ್ ಸರ್ವರಿಗೆ ಸಾಗಿಸಬೇಕು. ಇಷ್ಟು ವರ್ಷ ಈ ಯೂನಿಕ್ಸ್ ಡಬ್ಬಾನ ಸಾಕಿದವನು ನಾನು. ಸಾಗಿಸೋಕೆ ಮಾತ್ರ ಹೊರಗಿನವರು ಬೇಕಂತೆ.

ಬಂದಳು. ಕಂಪನಿ ಕಳಿಸಿದ ಡೇಟಾಬೇಸಿನವಳು, ತುಂಬು ಬಸುರಿ. ಕಂಬಿ ಹಿಡ್ಕೊಂಡು ನೆಲಮಾಳಿಗೆ ಮೆಟ್ಟಿಲಿಳಿದು, ಏದುಸಿರು ಬಿಡುತ್ತಾ, ಮೊದಲು ಕೇಳಿದ್ದು — “ಸರ್, ಇಲ್ಲಿ ಹತ್ತಿರದ ಟಾಯ್ಲೆಟ್ ಎಲ್ಲಿ?”

ಎರಡನೆಯದು — “ಇದನ್ನ ಕೊನೇ ಸಲ ರೀಸ್ಟಾರ್ಟ್ ಮಾಡಿದ್ದು ಯಾವಾಗ?”

ನೆನಪಿಲ್ಲ ಅಂದೆ. ಸ್ವಲ್ಪ ಜಂಬದಿಂದಲೇ.

“ಹಾಗಾದ್ರೆ ನಾವೂ ಮಾಡೋದು ಬೇಡ. ಮಲಗಿರೋರನ್ನ ಎಬ್ಬಿಸಿದ್ರೆ ಏನಂತಾರೋ,” ಅಂದಳು. ಮತ್ತೆ ಕೀಬೋರ್ಡ್ ಎಳ್ಕೊಂಡು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ನೋಡಿದಳು. ಈ ಹಳೇ ಯೂನಿಕ್ಸ್‌ನಲ್ಲಿ ಆ ಕಮಾಂಡಿನ ಬಾಲಕ್ಕೆ ಹಚ್ಚೋ ಅಕ್ಷರ ಬೇರೆ. ಈಗಿನವರೆಲ್ಲ ಅಲ್ಲೇ ಎಡವೋದು. ಇವಳು ಎಡವಲಿಲ್ಲ.

ಹ್ಮ್.

ಮಾರ್ಚ್ 6, ಗುರುವಾರ

ಲಿನಕ್ಸ್ ಮೇಲೆ ಡೇಟಾಬೇಸ್ ಇನ್‌ಸ್ಟಾಲ್. ಬೆಳಿಗ್ಗೆ ಶುರು ಮಾಡ್ತಾಳೆ ಅಂದ್ಕೊಂಡಿದ್ದೆ. ಮಧ್ಯಾಹ್ನದವರೆಗೂ ಓದಿದಳು. ಇನ್‌ಸ್ಟಾಲೇಶನ್ ಗೈಡ್ — ಮೊದಲ ಪುಟದಿಂದ. ಕುರ್ಚಿ ಹಿಂದಕ್ಕೆ ಸರಿಸಿ, ಹೊಟ್ಟೆ ಮೇಲೆ ಲ್ಯಾಪ್‌ಟಾಪ್ ಆನಿಸಿಕೊಂಡು.

ತಡೀಲಾರದೆ ಕೇಳಿದೆ. “ಏನಮ್ಮಾ, ಇದುವರೆಗೆ ಎಷ್ಟೋ ಕಡೆ ಹಾಕಿರ್ತೀರ. ಮತ್ತೆ ಓದ್ಬೇಕಾ?”

“ಅವರು ಈ ಸಲ ಏನು ಬದಲಾಯಿಸಿದಾರೋ ಗೊತ್ತಿಲ್ವಲ್ಲ ಸರ್.”

ಆಮೇಲೆ ಒಂದೊಂದಾಗಿ — ಮೆಮೊರಿ ಸಾಕಾ, ಸ್ವಾಪ್ ಎಷ್ಟು, ಕರ್ನಲ್ ಸೆಟ್ಟಿಂಗು, ಬೇಕಾದ ಪ್ಯಾಕೇಜುಗಳು. ಎರಡು ಪ್ಯಾಕೇಜ್ ಇರಲಿಲ್ಲ. ನಾನಾಗಿದ್ದರೆ ಹಾಕಿ ನೋಡೋಣ, ಬೈದಾಗ ನೋಡ್ಕೊಳ್ಳೋಣ ಅಂತಿದ್ದೆ. ಡೇಟಾಬೇಸಿಗೆ ಅಂತಲೇ ಬೇರೆ ಯೂಸರ್ ಮಾಡಿದಳು. ರೂಟ್ — ಎಲ್ಲ ಅಧಿಕಾರ ಇರೋ ಯಜಮಾನ ಯೂಸರ್ — ಆಗಿ ಒಂದು ಅಕ್ಷರವೂ ಹೆಚ್ಚಿಗೆ ಟೈಪ್ ಮಾಡಲಿಲ್ಲ.

ಸಂಜೆ ಇನ್‌ಸ್ಟಾಲರ್ ಓಡಿಸಿದಳು. ಒಂದೂ ಎರರ್ ಇಲ್ಲ. ನೀಟಾಗಿ, ಬೆಣ್ಣೇಲಿ ಕೂದಲು ತೆಗೆದ ಹಾಗೆ.

ನಾನು ಚಪ್ಪಾಳೆ ಏನೂ ತಟ್ಟಲಿಲ್ಲ. ಟೀ ತರಿಸಿದೆ.

ಮಾರ್ಚ್ 11, ಮಂಗಳವಾರ

ಲೆಕ್ಕಪತ್ರ ವಿಭಾಗದ ರಿಪೋರ್ಟುಗಳಿಗೆ ಅದೇ ಡೇಟಾಬೇಸಿನ ಇನ್ನೊಂದು ಪ್ರತಿ — ವಿಂಡೋಸ್ ಮೇಲೆ. ಅದೂ ಇವಳದೇ ಕೆಲಸ. ವಿಂಡೋಸ್ ಅಂದ್ರೆ ನನಗೆ ಮೈ ಉರಿ. ನನ್ನ ಮುಖ ನೋಡಿ ನಕ್ಕಳು.

“ವಿಂಡೋಸು ನಗುನಗುತ್ತಾ ಬಾಗಿಲು ತೆಗೆಯುತ್ತೆ ಸರ್. ಬನ್ನಿ, ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಒಳಗೆ ಹೋದ್ಮೇಲೆ ಫೈರ್‌ವಾಲು ಅಡ್ಡ ನಿಲ್ಲುತ್ತೆ, ಆಂಟಿವೈರಸ್ಸು ಡೇಟಾಫೈಲನ್ನೇ ಕಚ್ಚಿ ಹಿಡ್ಕೊಳ್ಳುತ್ತೆ. ಲಿನಕ್ಸು ಹೊಸ್ತಿಲಲ್ಲೇ ನಿಲ್ಲಿಸಿ ಯಾರು, ಯಾಕೆ, ಎಲ್ಲಿಂದ ಅಂತ ಕೇಳುತ್ತೆ. ಒಳಗೆ ಬಿಟ್ಮೇಲೆ ತಂಟೆಯಿಲ್ಲ.”

“ನಮ್ಮ ಯೂನಿಕ್ಸು?”

“ನಮ್ಮ ಮಾವನ ಥರ. ಬಾಯೇ ಬಿಡಲ್ಲ. ಬೈದಿಲ್ಲ ಅಂದ್ರೆ ಎಲ್ಲ ಸರಿಯಾಗಿದೆ ಅಂತ.”

ಜೋರಾಗಿ ನಕ್ಕುಬಿಟ್ಟೆ. ನೆಲಮಾಳಿಗೆಯಲ್ಲಿ ನಗು ಕೇಳಿ ಸೆಕ್ಯುರಿಟಿಯವನು ಇಣುಕಿ ನೋಡಿದ.

ಮಧ್ಯಾಹ್ನ ಮೀಟಿಂಗ್. ಆಡಳಿತಾಧಿಕಾರಿ, ನೋಂದಣಿ ಕೌಂಟರಿನವರು, ನಾವಿಬ್ಬರು. ರಕ್ತನಿಧಿಯವರಿಗೆ ಬಿಡುವಿರಲಿಲ್ಲ. ಕೌಂಟರಿನವರದು ಹಳೇ ಗೋಳು — ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡುವಾಗ ಒಂದು ಅಕ್ಷರ ಕ್ಯಾಪಿಟಲ್ ಬದಲು ಸ್ಮಾಲ್ ಆದರೂ ರೋಗಿ ಸಿಗಲ್ಲ. ಹೊಸದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ ಅಂತ ನೋಡೋ ಹಾಗೆ ಮಾಡಿ ಅಂದರು. ಆಗುತ್ತೆ, ಆದರೆ ಡೇಟಾಬೇಸ್ ಕಟ್ಟುವಾಗಲೇ ಆರಿಸಬೇಕು, ಆಮೇಲೆ ಬದಲಿಸೋದು ಅಂದ್ರೆ ಪಾಯ ಕಿತ್ತ ಹಾಗೆ ಅಂದಳು. ಎಲ್ಲರೂ ಹೂಂ ಅಂದೆವು. ನಾನೂ.

ಮಾರ್ಚ್ 15, ಶನಿವಾರ

ತಾಲೀಮು. ನಕಲು ಡೇಟಾ ಇಟ್ಟುಕೊಂಡು ಇಡೀ ಸಾಗಾಟ ಒಮ್ಮೆ ಮಾಡಿದೆವು. ಹಳೇ ಯಂತ್ರ ಸಂಖ್ಯೆಗಳನ್ನ ಇಡೋ ಕ್ರಮವೇ ತಿರುಗಾಮುರುಗಾ — ಹೊಸದಕ್ಕೆ ಪ್ರತಿಯೊಂದನ್ನೂ ತಿರುಗಿಸಿ ಇಡಬೇಕು. ಇಟ್ಟಿತು. ರೆಕಾರ್ಡುಗಳೆಲ್ಲ ತಾಳೆಯಾದವು. ಹೆಸರು ಹುಡುಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತೆ.

“ನನ್ನ ಡಾಕ್ಟರು ಮುಂದಿನ ವಾರಕ್ಕೆ ಕೆಲಸ ಸಾಕು ಅಂದಿದಾರೆ. ಅಷ್ಟರಲ್ಲಿ ಇದನ್ನ ಮುಗಿಸಿ ಹೋಗ್ಬೇಕು ಸರ್,” ಅಂದಳು. ಕಾಲು ಊದಿತ್ತು. ಹಳೇ ಪ್ರಿಂಟರಿನ ರಟ್ಟಿನ ಡಬ್ಬ ತಂದಿಟ್ಟೆ, ಕಾಲು ಚಾಚೋಕೆ.

ಮನೇಲಿ ಹೇಳಿದೆ. ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ — ಯಾರದೋ ಬ್ಲೌಸಿನ ಕೆಲಸ — “ಆ ಸ್ಥಿತೀಲಿ ಮೆಟ್ಟಿಲು ಹತ್ತಿ ಇಳಿಸ್ತೀರಲ್ರೀ, ನಿಮಗೆ ಬುದ್ಧಿ ಇದೆಯಾ?” ಅಂದಳು. ಬೈಗುಳ ನನಗೆ. ನಾನೇನು ಮಾಡ್ಲಿ, ಕಟ್ಟಡ ಕಟ್ಟಿದೋನು ನಾನಾ?

ಮಾರ್ಚ್ 23, ಭಾನುವಾರ, ಸಂಜೆ

ಕ್ರಮವಾಗಿ ಬರೀತೀನಿ.

ಬೆಳಿಗ್ಗೆ ಕೌಂಟರುಗಳೆಲ್ಲ ಕಾಗದಕ್ಕೆ ಇಳಿದವು. ಹಳೇ ಡೇಟಾಬೇಸ್ ಮುಚ್ಚಿದೆವು. ಸಾಗಾಟ ಮುಗಿಯಿತು. ಎಲ್ಲ ತಾಳೆ. ಮೇಲೆ ಆಡಳಿತಾಧಿಕಾರಿ ಟ್ರಸ್ಟಿಗಳನ್ನ ಕೂರಿಸಿಕೊಂಡು ಕಾಫಿ ಕೊಡ್ತಿದ್ದರು, “ಮಧ್ಯಾಹ್ನದಿಂದ ಹೊಸ ಸಿಸ್ಟಮ್” ಅಂತ.

ತೆರೆಯೋ ಮುಂಚೆ ಅವಳದೊಂದು ಹಟ. ಪ್ರತಿ ವಿಭಾಗದಿಂದ ಒಬ್ಬೊಬ್ಬರು ಬಂದು, ನಿಜವಾದ ಒಂದು ಕೆಲಸ ಮಾಡಿ ನೋಡಬೇಕು. ಕೊನೆಗೆ ಬಂದದ್ದು ರಕ್ತನಿಧಿಯ ಟೆಕ್ನಿಷಿಯನ್. ನಾಳೆ ಒಬ್ಬರು ಟೀಚರಿಗೆ ರಕ್ತ ಕೊಡೋದಿದೆ, ಅವರದೇ ಹುಡುಕ್ತೀನಿ ಅಂತ ಕೂತರು. ಟೀಚರು ನಮಗೆಲ್ಲ ಗೊತ್ತು — ಆಗಾಗ ಬಂದು ರಕ್ತ ಹಾಕಿಸ್ಕೊಂಡು, ಡ್ರಿಪ್ ಏರಿರುವಾಗಲೇ ಮಕ್ಕಳ ಉತ್ತರಪತ್ರಿಕೆ ತಿದ್ದೋರು. ಅವರ ಮೈಗೆ ಎಲ್ಲ ರಕ್ತ ಒಗ್ಗಲ್ಲ.

ಟೆಕ್ನಿಷಿಯನ್ ಮುಖ ಅರಳಿತು. “ಅರೆ! ನಿನ್ನೆ ಹಳೇದರಲ್ಲಿ ಎರಡೇ ಬ್ಯಾಗ್ ಸಿಕ್ಕಿತ್ತು. ಇದರಲ್ಲಿ ನೋಡಿ, ಒಂಬತ್ತು!”

ನಾನೂ ಹಿಗ್ಗಿದೆ. ಹೊಸದು ಹೊಸದೇ ಅಂದೆ.

ಅವಳು ಹಿಗ್ಗಲಿಲ್ಲ. “ಹೆಚ್ಚು ಯಾಕೆ ಬಂತು?” ಅಂದಳು. “ನಿನ್ನೆಯಿಂದ ಹೊಸ ಬ್ಯಾಗ್ ಬಂದಿದೆಯಾ?”

“ಇಲ್ಲ.”

“ಏನಂತ ಹುಡುಕಿದ್ರಿ?”

“ಟೀಚರಿಗೆ ಚಿಕ್ಕ ಸಿ ಆಗಲ್ಲ. ಚಿಕ್ಕ ಸಿ ಇಲ್ಲದ ಬ್ಯಾಗ್ ಅಂತ.”

“ಚಿಕ್ಕ ಸಿ ಅಂದ್ರೆ?”

“ರಕ್ತಕಣದ ಮೇಲಿರೋ ಗುರುತು. ದೊಡ್ಡ ಸಿ ಒಂದು, ಚಿಕ್ಕ ಸಿ ಇನ್ನೊಂದು. ಎರಡೂ ಬೇರೆ ಬೇರೆ.”

ಅವಳು ಮೌಸ್ ಮೇಲಿಂದ ಕೈ ತೆಗೆದಳು. ನನಗೂ ಆಗ ಹೊಳೆಯಿತು. ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ ಅಂತ ನಾವೇ ಹೇಳಿಕೊಟ್ಟಿದ್ದೀವಲ್ಲ. ಪಾಪ, ಅದು ಹೇಳಿದ ಹಾಗೇ ಕೇಳಿದೆ. ಚಿಕ್ಕ ಸಿ ಇಲ್ಲದ್ದು, ದೊಡ್ಡ ಸಿ ಇಲ್ಲದ್ದು — ಎರಡನ್ನೂ ಒಟ್ಟಿಗೆ ತಂದಿಟ್ಟಿದೆ.

ಟೆಕ್ನಿಷಿಯನ್ ಬಿಳಿಚಿಕೊಂಡರು. “ದೊಡ್ಡ ಸಿ ಇಲ್ಲದ ರಕ್ತದಲ್ಲಿ ಚಿಕ್ಕ ಸಿ ಇದ್ದೇ ಇರುತ್ತೆ. ಅಂದ್ರೆ ಈ ಏಳು... ಟೀಚರಿಗೆ ಕೊಡಲೇಬಾರದ್ದು.”

“ಕೊಡೋ ಮುಂಚೆ ಪರೀಕ್ಷೆ ಮಾಡ್ತೀರಲ್ಲ?” — ನಾನು.

“ಎರಡೂ ರಕ್ತ ಬೆರೆಸಿ ಕ್ರಾಸ್‌ಮ್ಯಾಚ್ ಮಾಡ್ತೀವಿ. ಹೆಚ್ಚಾಗಿ ಸಿಕ್ಕಿಬೀಳುತ್ತೆ. ಆದ್ರೆ ಅವರದು ಹಳೇ ಆಂಟಿಬಾಡಿ... ಕೆಲವೊಮ್ಮೆ ಪರೀಕ್ಷೇಲಿ ಕಾಣಿಸೋದೇ ಇಲ್ಲ. ಅದಕ್ಕೇ ನಾವು ಈ ಪಟ್ಟಿನ ನಂಬೋದು.”

ಅಷ್ಟರಲ್ಲಿ ಆಡಳಿತಾಧಿಕಾರಿ ಇಳಿದು ಬಂದರು. “ಆಯ್ತಲ್ಲ? ಟ್ರಸ್ಟಿಗಳು ಕಾಯ್ತಿದಾರೆ.”

ಅವಳು ಎದ್ದು ನಿಂತಳು. ಒಂದು ಕೈ ಸೊಂಟದ ಮೇಲೆ. “ಇಲ್ಲ ಸರ್. ಹಿಂದಕ್ಕೆ ಹೋಗ್ತೀವಿ. ಹಳೇದನ್ನೇ ತೆರೀತೀವಿ.”

“ಏನು? ಎಲ್ಲ ಸರಿಯಿದೆ ಅಂದ್ರಲ್ಲ ಈಗಷ್ಟೇ!”

“ಒಂದು ಸರಿಯಿಲ್ಲ.” ಹೇಳಿದರು. ನಿಧಾನವಾಗಿ, ಆಡಳಿತಾಧಿಕಾರಿಗೆ ಅರ್ಥವಾಗೋ ಹಾಗೆ.

“ರಕ್ತನಿಧಿಯೋರು ಒಂದು ವಾರ ಜಾಗ್ರತೆಯಿಂದ ನೋಡ್ಕೋತಾರೆ. ಆಮೇಲೆ ಸರಿ ಮಾಡಿ. ನೀವು ಬೇರೆ ನಾಳೆಯಿಂದ ಬರಲ್ಲ. ನಿಮ್ಮ ಕಂಪನೀಲಿ ಇದನ್ನ ಫೇಲ್ ಅಂತ ಬರ್ಕೋತಾರೆ, ಯೋಚನೆ ಮಾಡಿದ್ದೀರಾ?”

“ಬರ್ಕೊಳ್ಳಲಿ ಸರ್. ಆಯ್ಕೆ ಟೈಪ್ ಮಾಡಿದ್ದು ನನ್ನ ಕೈಯೇ.”

“ಎಲ್ಲರೂ ಹೂಂ ಅಂದಿದ್ವಿ,” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಮೇಲೆ ಹೋಗಿ ಟ್ರಸ್ಟಿಗಳಿಗೆ ನಾನೇ ಹೇಳ್ತೀನಿ,” ಅಂದರು, ಸೊಂಟದ ಮೇಲಿನ ಕೈ ತೆಗೆಯದೆ. ಹೇಳಿದರು ಕೂಡ. ಮೂರು ಮಹಡಿ. ಲಿಫ್ಟ್ ಕೆಟ್ಟಿತ್ತು. ನಾನು ಹಿಂದೆ ಹಿಂದೆ, ನೀರಿನ ಬಾಟಲಿ ಹಿಡ್ಕೊಂಡು. ಅಷ್ಟು ಜನ ದೊಡ್ಡವರ ಮುಂದೆ ನಿಂತು, “ಇವತ್ತು ಆಗಲಿಲ್ಲ. ಕಾರಣ ಇದು” ಅಂದರು. ಯಾರನ್ನೂ ದೂರಲಿಲ್ಲ. ಕ್ಷಮೆ ಕೇಳಿದರು, ಗೋಗರೆಯಲಿಲ್ಲ.

ವಾಪಸ್ ಇಳಿದು ಬಂದು ಹಿಂದಕ್ಕೆ ಹೋಗುವ ಕೆಲಸ — ಅದೂ ಅದೇ ಶ್ರದ್ಧೆಯಿಂದ. ಒಂದೊಂದು ಹೆಜ್ಜೆ ಓದಿ, ಮಾಡಿ, ಟಿಕ್ ಹಾಕಿ. ಸೋತವರ ಕೈ ಹಾಗೆ ಓಡಲ್ಲ.

ಹಳೇ ಯಂತ್ರ ತೆರೆದಾಗ ಟೆಕ್ನಿಷಿಯನ್ ಮತ್ತೆ ಹುಡುಕಿದರು. ಎರಡು ಬ್ಯಾಗ್.

ಮಾರ್ಚ್ 24, ಸೋಮವಾರ

ಅವರು ರಜೆಯಾದರೂ ಬೆಳಿಗ್ಗೆ ಬಂದು ಅರ್ಧ ಗಂಟೆ ಕೂತರು. ಹೆಸರಿನ ಕಾಲಂಗಳಿಗೆ ಮಾತ್ರ ಎರಡೂ ಅಕ್ಷರ ಒಂದೇ, ಉಳಿದದ್ದಕ್ಕೆಲ್ಲ ಬೇರೆ ಬೇರೆ — ಹಾಗೆ ಕಟ್ಟಬೇಕು ಅಂದರು. “ಕಂಪನಿಯಿಂದ ಇನ್ನೊಬ್ಬರು ಬರೋಕೆ ತುಂಬಾ ತಡ ಆಗುತ್ತೆ. ನೀವೇ ಮಾಡಿ ಸರ್.”

“ನಾನಾ? ನನಗೆ ಹಳೇದು ಬಿಟ್ರೆ...”

“ನಾನು ಓದ್ತಿದ್ದಾಗ ಪಕ್ಕದಲ್ಲೇ ಇದ್ರಲ್ಲ. ಓದಿ. ಅಷ್ಟೇ.”

ಹೋದರು. ಕಾಲಿಡುವ ಡಬ್ಬ ಹಾಗೇ ಇದೆ.

ರಾತ್ರಿ ಊಟಕ್ಕೆ ಕೂತು ಮನೆಯವಳಿಗೆ ಎಲ್ಲ ಹೇಳ್ತಿದ್ದೆ. ಬಡಿಸ್ತಿದ್ದ ಕೈ ತಡೆದು ನನ್ನನ್ನೇ ನೋಡಿದಳು. “ಏನ್ರೀ, ಮೊನ್ನೆವರೆಗೂ ಬಂದಳು, ಕೂತಳು. ಈಗ ಬಂದರು, ಕೂತರು?”

ನಾನು ಗಮನಿಸಿರಲೇ ಇಲ್ಲ. ಯಾವಾಗ ಬದಲಾಯಿತೋ.

“ಹೊಲಿದಿದ್ದು ಬಿಚ್ಚೋಕೆ ಎದೆ ಬೇಕು ಕಣ್ರೀ,” ಅಂದಳು ಆಮೇಲೆ. “ಗಿರಾಕಿ ಎದುರಿಗೇ ಬಿಚ್ಚೋಕೆ... ನನಗಂತೂ ಆಗಲ್ಲಪ್ಪ.”

ಏಪ್ರಿಲ್ 9, ಬುಧವಾರ

ಇಷ್ಟು ದಿನ ಬರೆಯೋಕೆ ಪುರುಸೊತ್ತಿಲ್ಲ. ಓದ್ತಿದ್ದೆ. ಗೈಡ್ ಮೊದಲ ಪುಟದಿಂದ. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂತ ಹಾಗೆ. ಸರ್ವರ್ ಖಾಲಿ ಮಾಡಿ ನಾನೇ ಇನ್‌ಸ್ಟಾಲ್ ಮಾಡಿದೆ. ಮೊದಲ ಸಲ ಅರ್ಧಕ್ಕೇ ನಿಂತಿತು — ಒಂದು ಫೋಲ್ಡರನ್ನ ರೂಟ್ ಆಗಿ ಮಾಡಿಟ್ಟಿದ್ದೆ, ಡೇಟಾಬೇಸ್ ಯೂಸರಿಗೆ ಅದರೊಳಗೆ ಕಾಲಿಡೋಕೂ ಹಕ್ಕಿಲ್ಲ. ನಾನೇ ಬಾಗಿಲು ಹಾಕಿ, ಯಾಕೆ ಒಳಗೆ ಬರ್ತಿಲ್ಲ ಅಂತ ಬೈದೆ. ಎಲ್ಲ ಅಳಿಸಿ ಮತ್ತೆ.

ಎರಡನೇ ಸಲ ಕೊನೇವರೆಗೂ ಹೋಯಿತು. ಒಂದೂ ಎರರ್ ಇಲ್ಲ. ಅಕ್ಕಪಕ್ಕ ನೋಡಿದೆ — ತೋರಿಸೋಕೆ ಯಾರೂ ಇರಲಿಲ್ಲ. ನನಗೆ ನಾನೇ ಟೀ ತರಿಸಿದೆ.

ಏಪ್ರಿಲ್ 27, ಭಾನುವಾರ, ಮಧ್ಯಾಹ್ನ

ಆಯಿತು. ಕೌಂಟರು ಓಡ್ತಿದೆ, ಲ್ಯಾಬು ಓಡ್ತಿದೆ, ರಕ್ತನಿಧಿ ಓಡ್ತಿದೆ. ಎಲ್ಲ ಹೊಸದರ ಮೇಲೆ. ಒಬ್ಬೊಬ್ಬರನ್ನೂ ಕೂರಿಸಿ ನಿಜವಾದ ಕೆಲಸ ಮಾಡಿಸಿದ ಮೇಲೇ ತೆರೆದೆ. ಆಡಳಿತಾಧಿಕಾರಿ ಈ ಸಲ ಟ್ರಸ್ಟಿಗಳನ್ನ ಕರೆಸಿರಲಿಲ್ಲ. ಮೂಲೇಲಿ ಕೂತು ಸುಮ್ಮನೆ ನೋಡ್ತಿದ್ದರು. ಕೊನೆಗೆ, “ಆ ದಿನ ನಾನು ಒತ್ತಾಯ ಮಾಡಿದ್ದೆ, ಅಲ್ವಾ,” ಅಂದರು. ಅವರಿಗೂ ಒಂದು ಟೀ ತರಿಸಿದೆ.

ಏಪ್ರಿಲ್ 29, ಮಂಗಳವಾರ

ಅವರ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ್ದ. ಮೊದಲ ಪ್ರಯತ್ನ ಯಾಕೆ ಫೇಲ್ ಆಯ್ತು, ಅಭಿಪ್ರಾಯ ಬೇಕು ಅಂದ. “ಫೇಲ್ ಆಗ್ಲಿಲ್ಲ ಕಣ್ರೀ, ಅವತ್ತೇ ಪಾಸಾಗಿದ್ದು,” ಅಂತ ಶುರು ಮಾಡಿದೆ. ಎಷ್ಟು ಹೊತ್ತು ಮಾತಾಡಿದೆನೋ. ಅವನು ಪೂರ್ತಿ ಕೇಳಿ, “ಇದನ್ನ ಹೀಗೇ ಬರೆದು ಕಳಿಸ್ತೀರಾ?” ಅಂದ. ಕಳಿಸಿದ್ದೀನಿ. ಟೈಪ್ ಮಾಡಿದ ಮೇಲೆ ಮೂರು ಸಲ ಓದಿದೆ, ಅವರ ಹಾಗೆ.

ಮೇ 2, ಶುಕ್ರವಾರ

ಟೀಚರು ಬಂದಿದ್ದರು. ಕಾರಿಡಾರಿನಲ್ಲಿ ನಿಂತು ನೋಡಿದೆ. ಬ್ಯಾಗಿನಿಂದ ಹನಿ ಹನಿಯಾಗಿ ಇಳೀತಿದೆ, ಮಡಿಲಲ್ಲಿ ಉತ್ತರಪತ್ರಿಕೆ, ಕೈಯಲ್ಲಿ ಕೆಂಪು ಪೆನ್ನು. ಯಾರಿಗೋ ಸೊನ್ನೆ ಹಾಕಿ ತಲೆ ಚಚ್ಚಿಕೊಂಡರು. ಅವರಿಗೆ ಏನೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ನೇರ ಕೆಳಗಿಳಿದು ಫೋನ್ ಮಾಡಿದೆ. ಹೆಣ್ಣು ಮಗುವಂತೆ. ಹಿಂದಿನಿಂದ ಅಳು — ಒಳ್ಳೇ ಗಂಟಲು. ಅಭಿನಂದನೆ ಹೇಳೋಕೂ ಬಿಡಲಿಲ್ಲ.

“ಸರ್, ಟೀಚರಿಗೆ ಎಷ್ಟು ಬ್ಯಾಗ್ ತೋರಿಸ್ತು?”

“ಮೂರು.”

“ಮೂರೇನಾ?”

“ಮೂರೇ ಮೂರು. ಮೂರರಲ್ಲೂ ಚಿಕ್ಕ ಸಿ ಇಲ್ಲ.”

ನಕ್ಕರು... ಅಥವಾ ಅತ್ತರೋ, ಫೋನಿನಲ್ಲಿ ಗೊತ್ತಾಗಲಿಲ್ಲ. ಮಗೂನ ಒಂದ್ನಿಮಿಷ ಅಜ್ಜಿಗೆ ಕೊಟ್ಟು ಬರ್ತೀನಿ, ಇಡಬೇಡಿ ಸರ್, ಎಲ್ಲ ಮೊದಲಿಂದ ಹೇಳಿ ಅಂದರು. ಹಿಡ್ಕೊಂಡು ಕೂತಿದ್ದೀನಿ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೆನ್ನು. ಎಲ್ಲಿಂದ ಶುರು ಮಾಡ್ಲಿ — ಆ ಫೋಲ್ಡರಿನ ಎಡವಟ್ಟಿನಿಂದಲೇ... ಹಾಂ, ಬಂದರು —