ಮೂರು ದಿನ ಮುಂಚಿನ ಅಳತೆ

ಮಾರ್ಚ್ ೯, ಭಾನುವಾರ

ಕಣ್ಣು ಮುಚ್ಚಿದರೆ ಆ ಎರಡು ತಾರೀಖುಗಳೇ ಎದುರಿಗೆ ಬರುತ್ತವೆ. ವಂಶಾವಳಿ ಬರೆದುಕೊಡು ಎಂದು ಸೋದರತ್ತೆ ಗಂಟುಬಿದ್ದದ್ದಕ್ಕೆ ನಮ್ಮ ಹಳ್ಳಿಯ ಚರ್ಚಿನ ಹಳೆಯ ಮರಣ ದಾಖಲೆಯ ನಕಲು ತರಿಸಿದ್ದೆ. ಅಪ್ಪನ ಮುತ್ತಜ್ಜ ಬಡಗಿ. ಅವನ ಅಣ್ಣ ೧೮೭೪ರ ಜೂನ್ ಹದಿನಾಲ್ಕರಂದು ಅಟ್ಟದಿಂದ ಬಿದ್ದು ಸತ್ತ ಎಂದು ಅದರಲ್ಲಿದೆ. ವರ್ಷ ತುಂಬುವ ಮೊದಲೇ ಬಡಗಿ ಅಜ್ಜ ಆ ಅತ್ತಿಗೆಯನ್ನೇ ಮದುವೆಯಾದ. ನಾವೆಲ್ಲ ಅವರ ಕುಡಿಗಳು.

ಅಳತೆ, ತಾರೀಖು ಎರಡನ್ನೂ ಬರೆದಿಡದೆ ಅಜ್ಜ ಗರಗಸ ಮುಟ್ಟುತ್ತಿರಲಿಲ್ಲ. ಇವತ್ತು ಮನೆಯಲ್ಲಿ ಉಳಿದಿರುವ ಅವನ ಅಳತೆ ಪುಸ್ತಕ ತೆರೆದೆ. "ಅಣ್ಣನ ಶವಪೆಟ್ಟಿಗೆ, ಉದ್ದ ಐದೂ ಮುಕ್ಕಾಲು ಅಡಿ." ತಾರೀಖು ಜೂನ್ ಹನ್ನೊಂದು.

ಅತ್ತೆಗೆ ಫೋನ್ ಮಾಡಿದೆ.

"ಎಲ್ಲೋ ತಾರೀಖು ತಪ್ಪು ಬರ್ದಿರ್ಬೇಕು, ಬಿಡೋ."

"ಅಜ್ಜ ಒಂದು ಗೀಟೂ ತಪ್ಪು ಎಳೆದೋನಲ್ಲ ಅಂತ ನೀವೇ ಹೇಳ್ತಿದ್ರಲ್ಲ ಅತ್ತೆ?"

"ವಂಶಾವಳಿ ಏನೂ ಬೇಡ ಕಣೋ," ಎಂದು ಫೋನ್ ಇಟ್ಟರು.

ಕೊಂದದ್ದಕ್ಕಿಂತ ಹೆಚ್ಚಾಗಿ ಆ ಅಳತೆಯೇ ನನ್ನನ್ನು ಕೊರೆಯುತ್ತಿದೆ. ಬದುಕಿದ್ದವನ ಉದ್ದ ಹೇಗೆ ಹಿಡಿದ? ನಿದ್ದೆಯಲ್ಲಿದ್ದಾಗಲೋ? ಇಲ್ಲ, ಹಗಲಲ್ಲೇ ಗೋಡೆಗೆ ಒರಗಿಸಿ, ನಗುನಗುತ್ತಾ, "ಅಣ್ಣಾ, ಒಂದ್ನಿಮಿಷ ನೆಟ್ಟಗೆ ನಿಂತ್ಕೋ" ಎಂದು ಹೇಳಿಯೇ ಅಳೆದಿರಬೇಕು.