ತಂತಿ ಬಿಗಿದ ಬಾಯಿ

ಆಳಂದ
೧೨ ಜನವರಿ ೧೯೪೪

ನನ್ನ ಹೀರಾಗೆ,

ನೀ ಹ್ಯಾಂಗಿದ್ದಿ? ಹಸಿ ಬಾಣಂತಿ ಮೈ, ಕಿವಿಗೆ ಅರಬಿ ಕಟ್ಟಿಕೊಂಡೇ ಇರು, ಈ ತಿಂಗಳ ಥಂಡಿ ಗಾಳಿ ಕೆಟ್ಟದು. ಕೂಸಿಗೆ ಹಾಲು ಸಾಲತದೇನು? ಯಾರಂಗ ಅದ? ಮೂಗು ನಿಂದಾದ್ರ ಛಲೋ, ನಂದು ಬ್ಯಾಡ. ಇನ್ನ ನನ್ನ ಸುದ್ದಿ ಹೇಳತೇನಿ, ಕುಂತು ಓದು. ನೀನೇ ಓದು, ನಿನ್ನ ತಮ್ಮನ ಕೈಯಾಗ ಕೊಡಬ್ಯಾಡ. ಅಂವ ಅಂಗಳದಾಗ ನಿಂತು ಓಣಿಗೆಲ್ಲ ಕೇಳೂಹಂಗ ಓದತಾನ.

ನೀ ತವರಿಗೆ ಕರಜಗಿಗೆ ಹೋದ ವಾರದಾಗ ನಮ್ಮ ಸಾವಕಾರ ದೌಲತರಾಯರ ಅಡತಿ ಅಂಗಡಿ ಮುಂದ ಶೇಂಗಾದ ಬಂಡಿ ಇಳಸಾಕತ್ತಿದ್ವಿ. ಎತ್ತು ಬಿಚ್ಚಿ ನಾ ನೊಗ ಹಿಡಕೊಂಡು ನಿಂತಿದ್ದೆ. ಹಮಾಲರು ಮುಂದಿನ ಚೀಲ ಮೊದಲ ಇಳಿಸಿಬಿಟ್ರು. ಭಾರೆಲ್ಲ ಹಿಂದಕ್ಕ ಬಿದ್ದು ಬಂಡಿ ಒಮ್ಮೆಲೇ ವಾಲಿತು, ನೊಗ ಎದ್ದು ನನ್ನ ಗದ್ದಕ್ಕ ಬಡೀತು. ಕೆಳಗಿನ ದವಡಿ ಎಲುಬು ಮುರೀತು. ಹೆದರಬ್ಯಾಡ, ಈಗ ಕೂಡಾಕತ್ತದ. ದಿನ ತುಂಬಿದಾಕಿಗೆ ಇಂಥಾ ಸುದ್ದಿ ಮುಟ್ಟಬಾರದು ಅಂತ ಎಲ್ಲಾರಿಗೂ ಸನ್ನೀಲೇ ಕೈಮುಗಿದು ಕೇಳಿಕೊಂಡಿದ್ದೆ. ಅವರೂ ಮಾತು ಉಳಿಸ್ಯಾರ.

ಸಾವಕಾರರೇ ಇದ್ದಲೀಲೆ ಓಡೂ ಮೋಟಾರಿನ್ಯಾಗ ಸೊಲ್ಲಾಪುರಕ್ಕ ಕರಕೊಂಡು ಹೋದರು. ದಾರಿಯಾಗ ಮೋಟಾರು ಕುಲುಕಿದಾಗೆಲ್ಲ ನಿಮ್ಮವ್ವ ಕೊಟ್ಟ ರುಮಾಲು ಗದ್ದಕ್ಕ ಬಿಗಿಹಿಡದು ಕುಂತಿದ್ದೆ. ಅಲ್ಲಿ ಡಾಕ್ಟರು ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ಜೋಡಿಸಿ ಸಣ್ಣ ತಂತೀಲೆ ಬಿಗಿದು ಕಟ್ಟಿದರು. ಎಲುಬು ಕೂಡೂತನಕ ಬಾಯಿ ತೆರಿಯೂಹಂಗಿಲ್ಲ. ಮಾತಿಲ್ಲ, ಆಕಳಿಕಿನೂ ಹಲ್ಲಿನ ಹಿಂದೇ ಸಾಯಬೇಕು. ಗಿಂಡಿಯ ಮೂತಿ ಗಲ್ಲದ ಸಂದಿಗೆ ಇಟ್ಟು, ಕಡೀ ಹಲ್ಲಿನ ಹಿಂದಿನ ಕಿಂಡಿಯಿಂದ ಒಂದೊಂದೇ ಗುಟುಕು ಒಳಗ ಬಿಡಬೇಕು. ಹಾಲು, ಮಜ್ಜಿಗಿ, ತಿಳಿ ಅಂಬಲಿ, ಬ್ಯಾಳಿ ಕಟ್ಟು, ಅದೂ ಅರಬಿಯಾಗ ಸೋಸಿದ್ದು. ಉಂಡ ಮ್ಯಾಲೆ ಉಪ್ಪುನೀರಿನಿಂದ ಬಾಯಿ ತೊಳೀಬೇಕು, ಇಲ್ಲಾಂದ್ರ ತಂತೀಗೆ ಹತ್ತಿದ್ದು ಕೊಳೀತದ. ಡಾಕ್ಟರು ಒಂದು ಸಣ್ಣ ಕತ್ರಿ ಕೊಟ್ಟು ಹೇಳಿದರು: “ಕೊಳ್ಳಾಗ ಕಟ್ಟಿಕೋ. ವಾಂತಿ ಬಂದ್ರ ತಂತಿ ಕತ್ತರಿಸು, ಇಲ್ಲಾಂದ್ರ ಉಸರು ಕಟ್ಟತದ. ಒಬ್ಬನೇ ಕುಂತು ಉಣಬ್ಯಾಡ.” ಮೊದಲಿನ ಮಾತಿಗೆಲ್ಲ ತಲಿ ಹಾಕಿದೆ. ಕಡೀ ಮಾತಿಗೆ ಏನು ಮಾಡಲಿ? ನೀ ಇಲ್ಲದ ಮನ್ಯಾಗ ನಾ ಇನ್ನ ಯಾರ ಜೋಡಿ ಕುಂತು ಉಣ್ಣಲಿ?

ಹೀರಾ, ಹಸಿವು ತಡಕೋಬಹುದು. ಮುಸ್ಸಂಜಿ ಆತಂದ್ರ ಆಚೀಚಿ ಮನಿಗೋಳಿಂದ ರೊಟ್ಟಿ ಬಡಿಯೂ ಸಪ್ಪಳ ಬರತದ, ಅದು ತಡಕೊಳ್ಳಾಕ ಆಗೂದಿಲ್ಲ. ನಮ್ಮ ಒಲಿ ತಣ್ಣಗ ಅದ. ಮಂದಿ ಮೊದಮೊದಲು ಬಂದು ಮಾತಾಡಸತಿದ್ರು. ನಾ ಬರೇ ತಲಿ ಅಲ್ಲಾಡಿಸೂದು ಕಂಡು ಅವರಿಗೂ ಬ್ಯಾಸರಾಗಿ ಬರೂದು ಬಿಟ್ರು. ಮಾತು ನಿಂತ ಮನಿಗೆ ಯಾರು ಬರತಾರ?

ಎಳ್ಳಮಾಸಿ ದಿನ ಓಣಿ ಎಲ್ಲಾ ಬುಟ್ಟಿ ಹೊತ್ತು ಹೊಲಕ್ಕ ಹೋತು. ಆಚೀಮನಿ ಮುದುಕಿ ಸಕ್ಕುಬಾಯಿ ಹೋಗೂಮುಂದ ಒಂದು ವಾಟಿ ಕಾಳು-ಪಲ್ಯೆದ ಭಜ್ಜಿ ಇಟ್ಟು, “ಅರದು ಸೋಸಿ ಕುಡಿಯಪಾ” ಅಂದಳು. ಆ ಹಸಿಕಡ್ಲಿ, ಅವರಿಕಾಳು, ಪಲ್ಯೆದ ವಾಸನಿ ಬಂತು ನೋಡು, ಸೋಸೂತನಕ ತಾಳ್ಮಿ ಉಳೀಲಿಲ್ಲ. ಬೆರಳಿಲೆ ಕಿವುಚಿ ಗಲ್ಲದ ಸಂದಿಯಿಂದ ಹಂಗೇ ಒಳಗ ತುರುಕಿದೆ. ಒಂದು ಕಾಳು ಗಂಟಲಿಗೆ ಸಿಕ್ಕಿತು. ಕೆಮ್ಮು ಬಂತು, ಹಿಂದೇ ವಾಂತಿ ಉಕ್ಕಿತು. ಹೊರಗ ಬರಾಕ ದಾರಿ ಇಲ್ಲ, ಒದರಾಕ ಬಾಯಿಲ್ಲ, ಒದರಿದ್ರೂ ಕೇಳಾಕ ಓಣಿಯಾಗ ಒಬ್ಬರಿಲ್ಲ. ಕತ್ರಿ ಗ್ವಾಡಿ ಮೊಳಿಗೆ ತೂಗಹಾಕಿದ್ದೆ. ಹ್ಯಾಂಗೋ ತೆವಳಿ ಹೋಗಿ ಅದನ್ನ ತಗೊಂಡು, ನಿನ್ನ ಕುಂಕುಮದ ಕನ್ನಡಿ ಮುಂದ ಕುಂತು, ಒಂದೊಂದು ತಂತಿ ಕತ್ತರಿಸಿದೆ. ತುಟಿ ಹರೀತು, ಬಾಯಿ ತೆರೀತು, ಉಸರು ಬಂತು. ಆಮ್ಯಾಲೆ ನೆಲಕ್ಕ ಬಿದ್ದು, ನಾ ಇಲ್ಲೇ ಸತ್ತಿದ್ರ ಸಂಜೀತನಕ ಯಾರಿಗೂ ಗೊತ್ತಾಗತಿದ್ದಿಲ್ಲಲಾ ಅಂತ ಅತ್ತೆ.

ಮರುದಿನ ಮತ್ತ ಸೊಲ್ಲಾಪುರ, ಡಾಕ್ಟರ ಬೈಗಳ, ಹೊಸ ತಂತಿ. ಸಕ್ಕುಬಾಯಿ ಸುದ್ದಿ ಕೇಳಿ ಕಣ್ಣೀರು ಹಾಕಿದಳು. ಈಗ ದಿನಾ ಎರಡೂ ಹೊತ್ತು ತನ್ನ ರೊಟ್ಟಿ ಕಟ್ಟಿಕೊಂಡು ಬಂದು ನನ್ನ ಎದುರಿಗೆ ಕುಂಡ್ರತಾಳ. ಕತ್ರಿ ಉಡ್ಯಾಗ ಇಟ್ಟುಕೊಂಡು, ಉಳಿದ ನಾಕು ಹಲ್ಲಿಲೇ ಮೆಲ್ಲಕ ಅಗೀತಾಳ, “ಗಡಿಬಿಡಿ ಬ್ಯಾಡಪಾ, ನನ್ನ ಕಡೆ ನೋಡಿಕೋತ ನುಂಗು” ಅಂತಾಳ. ಇಬ್ಬರ ಊಟನೂ ಒಟ್ಟಿಗೇ ಮುಗೀತದ. ಆಕಿ ಎದ್ದು ಹೋದ ಮ್ಯಾಲೆ ಮನಿ ಮತ್ತ ಮೊದಲಿನಂಗ ದೊಡ್ಡದಾಗತದ.

ಸಂಕ್ರಾಂತಿ ಕಳದು ತಂತಿ ತೆಗೀತಾರಂತ. ದವಡಿ ತುಸು ಸೊಟ್ಟ ಉಳದೀತು, ನನ್ನ ನೋಡಿ ಗಾಬರಿ ಆಗಬ್ಯಾಡ. ಮಾವನವರಿಗೆ, ಅತ್ತಿಯವರಿಗೆ ನನ್ನ ಶರಣಾರ್ಥಿ ಹೇಳು. ನಿನಗೂ ಕೂಸಿಗೂ ಬಸವಣ್ಣ ತಂಪಾಗಿಟ್ಟಿರಲಿ.

ನಿನ್ನವ,
ಜಗದೇವಪ್ಪ

ತಾಜಾ ಕಲಂ: ಲಕೋಟಿ ಹಚ್ಚೂದರಾಗ ನಿಮ್ಮ ಕರಜಗಿಯವರೊಬ್ಬರು ಬಜಾರದಾಗ ಸಿಕ್ಕು ಒಂದು ಮಾತು ಹೇಳಿದರು. ನಿಮ್ಮ ಬಂಡಿ ಹೊಡಿಯೂ ಸೈದಪ್ಪ ಹೋದ ವಾರ ನಮ್ಮ ಬಾಗಲ ಮುಂದ ಬಂಡಿ ನಿಲ್ಲಿಸಿ, ಇಳೀದೇ, “ಹೆಣ್ಣು ಕೂಸು ಆಗೇದ್ರಿ” ಅಂತ ಕೂಗಿದ್ದ. ಅಂವ ಊರಿಗೆ ಹೋಗಿ, “ಹೆಣ್ಣು ಅಂದಕೂಡಲೇ ಅಳಿಯಂದಿರು ಮಾತೂ ಆಡಲಿಲ್ಲ, ಮಾರಿ ತಿರುವಿ ಒಳಗ ಹೋದರು” ಅಂದನಂತ. ಅವತ್ತಿನಿಂದ ನೀ ಸರಿಯಾಗಿ ಉಂಡಿಲ್ಲಂತ. ಹೀರಾ, ಗದ್ದಕ್ಕ ರುಮಾಲು ಸುತ್ತಿತ್ತು, ಅದರೊಳಗ ನಾ ನಗಾಕತ್ತಿದ್ದೆ. ನಗಿ ಹೊರಗ ಬರದೇ ಕಣ್ಣಾಗ ನೀರು ಬಂತು, ನಾಚಿಕಿ ಆಗಿ ಒಳಗ ಹೋದೆ. ಕಣ್ಣು ಒರಸಿಕೊಂಡು ಹೊರಗ ಬರೂದರಾಗ ಬಂಡಿ ಹೋಗಿಬಿಟ್ಟಿತ್ತು. ಮಗಳು ಬೇಕಂತಲೇ ಇದ್ದೆ ನಾ. ನಾ ಬರೂತನಕ ಆಕಿನ್ನ ತೊಟ್ಟಲಿಗೆ ಹಾಕಬ್ಯಾಡ್ರಿ. ಈಗ ಎದ್ದು ನಿಮ್ಮವ್ವನ ಕೂಡ ಕುಂತು ಉಣ್ಣು. ಇವತ್ತೇ ಉಣ್ಣು.