ಕಿಟಕಿಗೆ ಬಂದ ಟೊಂಗೆ

ಬೆಳಗಾವಿ
೯ ಮೇ ೨೦೨೪

ಪ್ರೀತಿಯ ಅವ್ವನಿಗೆ ಪೂರ್ವಾಳ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡ. ನನ್ನ ಫೋನು ಎಷ್ಟೋ ತಿಂಗಳಿಂದ ನಿನ್ನ ಅಳಿಯ ಅಭಿಜಿತರ ಕೈಯಲ್ಲಿದೆ. ನೀನು ಕರೆ ಮಾಡಿದಾಗಲೂ ಅವರು ಪಕ್ಕದಲ್ಲೇ ಕೂತಿರುತ್ತಿದ್ದರು. ಅದಕ್ಕೇ "ಆರಾಮ ಅದೀನಿ" ಎಂದಷ್ಟೇ ಹೇಳಿ ಇಡುತ್ತಿದ್ದೆ.

ಟಿಳಕವಾಡಿಯ ಮನೆಯಲ್ಲಿ ನನ್ನದು ಅಂತ ಇದ್ದದ್ದು ಕೋಣೆಯ ಕಿಟಕಿಯೊಂದೇ. ಲ್ಯಾಬಿನ ಕೆಲಸ ಬಿಡಿಸಿದರು. ಅವರೂ ಅತ್ತೆಯೂ ಹೊರಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಕೀಲಿ ಬೀಳುತ್ತಿತ್ತು. ರಸ್ತೆಯ ಗುಲ್‌ಮೊಹರಿನ ಟೊಂಗೆಯೊಂದು ಎರಡನೇ ಮಹಡಿಯ ಕಿಟಕಿಯ ಸರಳಿಗೆ ಬಂದು ತಾಗುತ್ತಿತ್ತು. ಈ ಸಲ ಎಲೆಯೇ ಕಾಣದಷ್ಟು ಹೂ.

ನೋಡಿದಾಗಲೆಲ್ಲ ಖಾನಾಪುರದ ಸ್ಟೇಷನ್ ರಸ್ತೆ ನೆನಪಾಗುತ್ತಿತ್ತು. ಸಾಲಿಯಿಂದ ನನ್ನನ್ನು ಕರೆತರುವಾಗ ನೀನು ಈ ಹೂವಿನ ಬಿಳಿ ಎಸಳು ಕಿತ್ತು ಅರ್ಧ ನನಗೆ ಕೊಟ್ಟು ಅರ್ಧ ನೀನೇ ತಿನ್ನುತ್ತಿದ್ದೆ. ಹುಳಿಗೆ ಕಣ್ಣು ಮುಚ್ಚಿ ನಗುತ್ತಿದ್ದೆ. ಮನೆಯ ತಿರುವು ಬಂದ ಕೂಡಲೇ, "ಅಜ್ಜಿ ನೋಡಿದ್ರ ಬೈತಾಳ, ಲಗೂ ನುಂಗು" ಎನ್ನುತ್ತಿದ್ದೆ. ನಿನ್ನ ನಗು ಆ ತಿರುವಿನಲ್ಲೇ ನಿಂತುಬಿಡುತ್ತಿತ್ತು, ಅವ್ವ. ಆಗ ನನಗೆ ಅದು ತಿಳಿದಿರಲಿಲ್ಲ.

ಕಳೆದ ವಾರ ಸರಳಿನಾಚೆ ಕೈ ಚಾಚಿ ಒಂದು ಹೂ ಹರಿದೆ. ಅಭಿಜಿತರು ಕೆಳಗಿನಿಂದ ನೋಡಿದರು. ಮೇಲೆ ಬಂದು, "ಯಾರಿಗೆ ಕೈ ಮಾಡಾಕತ್ತಿದ್ದಿ?" ಎಂದರು. ಹೂ ತೋರಿಸಿದೆ. ಅದನ್ನು ಇಸಿದುಕೊಂಡು ನೆಲಕ್ಕೆ ಹಾಕಿ ತಿಕ್ಕಿದರು.

ಮರುದಿನ ಗರಗಸದವರು ಬಂದರು. ಒಬ್ಬ ನಮ್ಮ ಕೋಣೆಗೆ ಬಂದು, ಟೊಂಗೆಯನ್ನು ಹಗ್ಗದಿಂದ ಸರಳಿಗೆ ಕಟ್ಟಿ ಮೆಟ್ಟಿಲಿಳಿದು ಹೋದ. ಟೊಂಗೆ ಬಿದ್ದ ಸಪ್ಪಳ ಕೇಳಿ ಅತ್ತೆ, "ಕಸಾ ಹೋತು, ಛಲೋ ಆತು" ಎಂದು ದೇವರ ಕೋಣೆಗೆ ಹೋದರು. ಆ ಆಳು ಹೋದ ಬಾಗಿಲು ತೆರೆದೇ ಇತ್ತು. ಚಪ್ಪಲಿ ಮೆಟ್ಟಿ ಇಳಿದೆ. ಅಭಿಜಿತರು ಬೆನ್ನು ಮಾಡಿ ಟೊಂಗೆ ಎಳೆಸುತ್ತಿದ್ದರು. ರಸ್ತೆ ತುಂಬ ಕೆಂಪು. ಆ ಹೂವನ್ನೆಲ್ಲ ತುಳಿದುಕೊಂಡೇ ನಡೆದೆ.

ಖಾನಾಪುರದ ಬಸ್ಸು ಹತ್ತಿ, ರವಿಕೆಯೊಳಗೆ ಇಟ್ಟುಕೊಂಡಿದ್ದ ಆಧಾರ್ ತೋರಿಸಿ ಹೆಂಗಸರ ಪುಕ್ಕಟೆ ಟಿಕೀಟು ತಗೊಂಡು ಕೂತೆ. ಆಗ ಸಂಕ್ರಾಂತಿಯ ದಿನ ನೆನಪಾಯಿತು. ಅಂದು ಖಾನಾಪುರಕ್ಕೆ ಬಂದಾಗ ನಾನು ಇದನ್ನೆಲ್ಲ ನಿನ್ನ ಮುಂದೆ ಅತ್ತು ಹೇಳಿದ್ದೆ. "ಗಂಡಸರ ಸ್ವಭಾವ ಹಂಗ ಇರ್ತದ, ಸಂಭಾಳಿಸ್ಕೊಂಡು ಹೋಗು" ಎಂದು ನೀನು ನನ್ನ ಕೈಗೆ ಕುಸರೆಳ್ಳಿನ ಡಬ್ಬಿ ಕೊಟ್ಟು ಸಂಜೆಯ ಬಸ್ಸಿಗೆ ಕೂಡಿಸಿದ್ದೆ. ಬಸ್ಸು ಹೊರಟ ಮೇಲೂ ನೀನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಖಾನಾಪುರದ ತನಕ ಬರಲಿಲ್ಲ, ದಾರಿಯಲ್ಲಿ ಪೀರನವಾಡಿ ಬಂದಾಗಲೇ ಇಳಿದುಬಿಟ್ಟೆ.

ನಿನ್ನ ಮಗಳು,
ಪೂರ್ವಾ

ತಾ.ಕ.: ಟಿಳಕವಾಡಿಗೆ ವಾಪಸು ಹೋಗಿಲ್ಲ. ಲ್ಯಾಬಿನಲ್ಲಿ ಜೊತೆಗಿದ್ದ ಮೆಹಬೂಬಿಯ ಮನೆಯಲ್ಲಿದ್ದೇನೆ. ಅಂಗಳದಲ್ಲಿ ಬೈಕಿನ ಸದ್ದಾದರೆ ಈಗಲೂ ಬಾಗಿಲ ಹಿಂದೆ ಸರಿಯುತ್ತೇನೆ. ಅಭಿಜಿತರು ಕೇಳಿದರೆ ಗೊತ್ತಿಲ್ಲ ಎನ್ನು. ನೀನು ಬಂದರೆ ಇಲ್ಲಿ ಇಬ್ಬರಿಗೆ ಮಲಗಲು ಜಾಗ ಇದೆ, ಅವ್ವ. ಮೆಹಬೂಬಿಗೆ ಕೇಳಿಯೇ ಬರೆಯುತ್ತಿದ್ದೇನೆ.